ಪ್ರಾರ್ಥನೆ ತಪ್ಪಿದ ಭಾನುವಾರ

ಇದನ್ನು ಹೇಳಿಕೊಳ್ಳುವುದನ್ನು ಇಷ್ಟು ದಿನ ಮುಂದೂಡುತ್ತಲೇ ಬಂದೆ. ಕೊರೊನಾ ಲಾಕ್‌ಡೌನಿನ ಒಂದು ಭಾನುವಾರ, ಮಲೇಷ್ಯಾದ ಪುಚೊಂಗ್‌ನ ಮಗಳ ಮನೆಯಲ್ಲಿ ಅಳಿಯ ಊಟದ ಮೇಜಿನ ಮುಂದೆ ಮೊಣಕಾಲೂರಿ, ಚರ್ಚು ಮುಚ್ಚಿದ್ದರಿಂದ ಮನೆಯಲ್ಲೇ ಪ್ರಭುಭೋಜನದ ಬ್ರೆಡ್ಡಿನ ತುಂಡುಗಳ ಮೇಲೆ ಪ್ರಾರ್ಥನೆ ಶುರುಮಾಡುವುದರಲ್ಲಿದ್ದ. ಅವನು ಅಮೆರಿಕದ ಒಬ್ಬ ಪ್ರವಾದಿ ಹುಟ್ಟುಹಾಕಿದ ಮಾರ್ಮನ್ ಸಭೆ ಸೇರಿದವನು, ನಾನು ಹಳೆಯ ಪ್ರಾಟೆಸ್ಟಂಟ್. ಮಾರ್ಮನರ ವಿರುದ್ಧದ ವಿಡಿಯೊಗಳನ್ನು ವಾರವಿಡೀ ಮೊಬೈಲಿನಲ್ಲಿ ನೋಡಿದ್ದೆ.

“ದೇವರು ತೋರಿಸಿದ ಊರಲ್ಲಿ ತನ್ನ ತಲೆಮಾರಿನಲ್ಲೇ ದೇವಾಲಯ ಏಳುತ್ತೆ ಅಂದಿದ್ದನಲ್ಲ ನಿಮ್ಮ ಪ್ರವಾದಿ, ಎದ್ದಿತೇನಪ್ಪ? ಅದನ್ನ ಹೇಳಿ ಆಮೇಲೆ ಪ್ರಾರ್ಥನೆ ಮಾಡು,” ಎಂದೆ.

ಮಗಳು ತಲೆ ತಗ್ಗಿಸಿದಳು.

“ಏಳಲಿಲ್ಲ ಮಾವ. ಅಲ್ಲಿನ ಜನ ನಮ್ಮ ಸಭೆಯವರನ್ನ ಹೊಡೆದು ಊರಿಂದ ಓಡಿಸಿದ್ರು. ಶತ್ರುಗಳು ತಡೆದ ಕೆಲಸಕ್ಕೆ ದೇವರು ಲೆಕ್ಕ ಕೇಳಲ್ಲ ಅಂತ ನಂಬ್ತೀವಿ. ನಿಮಗೆ ಇದು ಸಾಲದೇ ಇರಬಹುದು.”

ಸಾಲಲಿಲ್ಲ. ಪ್ರವಾದಿ ತನಗಾದ ದೇವರ ಮೊದಲ ದರ್ಶನವನ್ನು ಒಂದೊಂದು ಸಲ ಒಂದೊಂದು ಥರ ಹೇಳಿದ್ದೇಕೆ ಎಂದೂ ಕೇಳಿದೆ. “ಹೌದು, ನಾನೂ ಓದಿದ್ದೀನಿ,” ಎಂದಷ್ಟೇ ಹೇಳಿ ಅವನು ಕಣ್ಣು ಮುಚ್ಚಿದ.

ಆ ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿದರೂ ಮೊದಲಿಂದ ಹೇಳಬೇಕು. ಪ್ರತಿ ವಾರ ಸರಾಗವಾಗಿ ಹೇಳುತ್ತಿದ್ದವನು ಅಂದು ತಡವರಿಸಿದ. “ಡ್ಯಾಡಿ, ಮತ್ತೆ ಫಸ್ಟಿಂದ ಲಾ,” ಎಂದಳು ಮೊಮ್ಮಗಳು ಅಲ್ಲಿನವರ ಧಾಟಿಯಲ್ಲಿ, ಮೆಲ್ಲಗೆ. ಮತ್ತೆ ತಪ್ಪಿತು. ಕೊನೆಗೆ ಹೇಗೋ ಮುಗಿಸಿ, ಬ್ರೆಡ್ಡಿನ ತಟ್ಟೆಯನ್ನು ಮಗಳತ್ತ ಚಾಚಿದ. ನಾನು ಗೆದ್ದವನ ಹಾಗೆ ಎದುರು ಕೂತಿದ್ದೆ.

ಉತ್ತರವೇ ಬೇಕಿದ್ದರೆ ಊಟವಾದ ಮೇಲೆ ಕೇಳಬಹುದಿತ್ತು. ನನಗೆ ಬೇಕಿದ್ದದ್ದು ಅವನು ಹೆಂಡತಿ ಮಗಳೆದುರು ಎಡವುವುದು. ಮುಂದಿನ ಭಾನುವಾರದಿಂದ ಅವರು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥಿಸತೊಡಗಿದರು. ನಾನು ಇಂದಿಗೂ ಕ್ಷಮೆ ಕೇಳದ ಆ ಅಳಿಯನ ಹೆಸರು ಪ್ರಕಾಶ.