ಲೋಪಾಕನ ಟೋಪಿಯ ಹಸಿರು ಗರಿ

ದ್ವೀಪದ ಹನಲೇ ಕಣಿವೆಯಲ್ಲಿ ಕವೇಹಿಯದು ಗರಿಯ ಕೈ. ಟೋಪಿಗೆ ಸುತ್ತುವ ಗರಿಪಟ್ಟಿ ಅವಳು ಹೊಲಿದದ್ದಾದರೆ ಬಿರುಗಾಳಿಗೂ ಕದಲದು ಎನ್ನುತ್ತಿದ್ದರು. ಗಂಡ ಲೋಪಾಕ ತೀರಿಕೊಂಡ ಮೇಲೆ ಆ ಕೈ ಕೆಸುವಿನ ಗಡ್ಡೆ ಕಿತ್ತಿತು, ಬೇಯಿಸಿತು, ಕುಟ್ಟಿ ಪೊಯಿ ಎಂಬ ಅಂಬಲಿ ಮಾಡಿತು. ಗರಿ ಮಾತ್ರ ಮುಟ್ಟಲಿಲ್ಲ. ಅತ್ತಳೇ ಎಂದರೆ ಅದೂ ಇಲ್ಲ. ದುಃಖ ಒಳಗೆ ಗದ್ದೆಯ ನೀರು ನಿಂತ ಹಾಗೆ ನಿಂತುಬಿಟ್ಟಿತ್ತು.

ಅವನು ಸತ್ತು ವರ್ಷ ತುಂಬುವ ದಿನ ಊರವರಿಗೆ ಹಾಕುವ ಕಣ್ಣೀರಿನ ಊಟ ಹತ್ತಿರ ಬಂತು. ಅಂದು ಪಟದ ಮುಂದೆ ಲೋಪಾಕನ ಟೋಪಿ ಇಡಬೇಕು. ಅದರ ಪಟ್ಟಿಯಲ್ಲಿ ಹಸಿರು ಮಿಂಚಿನ ಗರಿಗಳಿದ್ದವು. ದ್ವೀಪದ ಸ್ವಂತ ಬಾತು ಕೊಲೊವಾ, ಅದು ಕಂದು ಬಣ್ಣದ್ದೇ ಎಂದು ಲೋಪಾಕ ನಂಬಿದ್ದ. ಅವು ಗೂಡು ಕಟ್ಟಲೆಂದು ಬದುವಿನ ಹುಲ್ಲನ್ನೇ ಕೊಯ್ಯದೆ ಬಿಡುತ್ತಿದ್ದ ಮನುಷ್ಯ. ಹಸಿರು ತಲೆಯದೊಂದು ಗದ್ದೆಗಿಳಿದಾಗ, "ಹೊರಗಿನ ಬಾತಿನ ಬೆರಕೆ ನನ್ಮಗ, ನಮ್ಮ ಹುಡುಗೀರ ತಳಿ ಕೆಡಿಸೋಕೆ ಬಂದಿದಾನೆ" ಎಂದು ಅದರ ಕತ್ತು ತಿರುವಿ ಕೊಂದಿದ್ದ. ಗರಿ ಕಿತ್ತು ಅವನ ಟೋಪಿಗೆ ಹೊಲಿದವಳು ಕವೇಹಿಯೇ.

ಊಟಕ್ಕೆ ಎರಡು ದಿನವಿದೆ ಎನ್ನುವಾಗ, ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ಹಾಕುವ ಕೆಲಸದ ಸೋದರಳಿಯ ಇಕಾಯ್ಕ ಪಂಜರ ಹೊತ್ತು ಬಂದ. ಒಳಗೊಂದು ಹಸಿರು ತಲೆ.

"ಏನಿವನು, ಹೇಳು ಆಂಟಿ."

"ಬೆರಕೆ."

"ನಾನೂ ಹಂಗೇ ಅಂದಿದ್ದೆ. ರಕ್ತ ಪರೀಕ್ಷೆ ಆಯ್ತು, ಅಪ್ಪಟ ಕೊಲೊವಾ! ಗಂಡುಗಳಲ್ಲಿ ಒಬ್ಬ ಹೆಣ್ಣಿನ ಥರಾನೇ ಕಂದು, ಇನ್ನೊಬ್ಬ ತಲೆಗೆ ಹಸಿರು ಬಳ್ಕೊಂಡಿರ್ತಾನೆ. ಬಾಲ ನೋಡು, ಅಂಚಲ್ಲಿ ಬಿಳಿ ಇಲ್ಲ, ಬೆರಕೆಗಾದ್ರೆ ಇರುತ್ತೆ."

"ಹೂಂ" ಎಂದಳು.

ಅಂದು ಕಿತ್ತ ಬಾಲದಲ್ಲೂ ಬಿಳಿ ಇರಲಿಲ್ಲ. ಅವಳ ಬೆರಳಿಗೆ ನೆನಪಿತ್ತು.

ಅವನು ಹೋದ ಮೇಲೆ ಕತ್ತರಿ ತಂದಳು. ಒಂದು ದಾರ ಕತ್ತರಿಸಿದರೆ ಪಟ್ಟಿಯೆಲ್ಲ ಕಳಚುತ್ತದೆ. ಬೋಳು ಟೋಪಿ ಇಟ್ಟರೆ ಯಾರೂ ಏನೂ ಕೇಳುವುದಿಲ್ಲ. ಕಾಫಿ ಆರುವ ತನಕ ಕತ್ತರಿ ಹಿಡಿದು ಕೂತಿದ್ದಳು. ಆಮೇಲೆ ಅದೇ ಕತ್ತರಿಯಿಂದ ಈರುಳ್ಳಿ ಸೊಪ್ಪು ಹೆಚ್ಚಿದಳು.

ಊಟದ ದಿನ ಪಕ್ಕದ ಗದ್ದೆಯ ಮುದುಕ ಹಿರಾನೊ ಪಟದ ಮುಂದಿನ ಗರಿಯ ಟೋಪಿ ನೋಡಿ ನಕ್ಕ. "ಏ ಕವೇಹಿ, ಬದುಕಿದ್ದಾಗ ಕಳ್ಳ, ಸತ್ತ ಮೇಲೆ ಸಿಂಗಾರ! ನಿನ್ನ ಗಂಡನ ಕೈಗೆ ಸಿಕ್ಕಿ ಆ ಬೆರಕೆ ಉದ್ಧಾರ ಆದ ನೋಡು!"

ಎಲ್ಲರೂ ನಕ್ಕರು.

"ಬೆರಕೆ ಅಲ್ಲ ಅದು" ಎಂದಳು ಕವೇಹಿ, ಉಪ್ಪು ಬೇಕಾ ಎಂದು ಕೇಳುವ ದನಿಯಲ್ಲೇ. "ಕೊಲೊವಾ. ಅವರಿಗೆ ಗೊತ್ತಾಗ್ಲಿಲ್ಲ. ನನಗೂ ಗೊತ್ತಾಗ್ಲಿಲ್ಲ."

ಇಕಾಯ್ಕ ತಟ್ಟೆ ನೋಡಿಕೊಂಡ. ಹಿರಾನೊ ತನ್ನ ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಾನಾಗಿದ್ರೂ ಅದರ ಕತ್ತು ತಿರುವ್ತಿದ್ದೆ ಕಣೇ" ಎಂದ. ಬಟ್ಟಲು ಮುಂದೆ ಚಾಚಿದ. "ಪೊಯಿ ಇನ್ನೂ ಇದೆಯಾ?"

"ಇದೆ" ಎಂದು ಬಡಿಸಿದಳು.