ಫೋನಿಗೂ ಮುಖ ಬೇಕಂತೆ

“ಏನಮ್ಮಾ ಇದು ಮುಖ?” ನಾನು ಕೂರುವ ಮೊದಲೇ ಮ್ಯಾನೇಜರ್ ಕೇಳಿದರು. ಎಪ್ಪತ್ತರ ದಶಕದಲ್ಲಿ, ರಾಜಾಜಿನಗರದ ಕಾರ್ಖಾನೆಯೊಂದರ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಇಂಟರ್‌ವ್ಯೂ ಅದು. ಅಪ್ಪ ಹಾಸಿಗೆ ಹಿಡಿದಿದ್ದರಿಂದ ಕೆಲಸ ನನಗೆ ಬೇಕೇ ಬೇಕಿತ್ತು. ಹತ್ತು ದಿನದ ಹಿಂದೆ ವಿಜಯನಗರದಲ್ಲಿ ಬಸ್ಸಿನಿಂದ ಬಿದ್ದು ಕೆನ್ನೆಗೆ ಏಳು ಹೊಲಿಗೆ ಬಿದ್ದಿದ್ದವು. ಕಣ್ಣಿನ ಸುತ್ತ ಇನ್ನೂ ಕಪ್ಪುಗಟ್ಟಿತ್ತು.

ಅದನ್ನೇ ಹೇಳಿದೆ. ಮಹಾಶಯರು ಪಕ್ಕದಲ್ಲಿದ್ದ ಅಕೌಂಟೆಂಟ್ ಕಡೆ ತಿರುಗಿ, “ಬಸ್ಸೋ, ಗಂಡನೋ?” ಎಂದು ನಕ್ಕರು. ಸಾಹೇಬರು ನಕ್ಕ ಮೇಲೆ ಅಕೌಂಟೆಂಟ್ ನಗದಿರುತ್ತಾರೆಯೇ! ನನಗೆ ಮದುವೆಯೇ ಆಗಿರಲಿಲ್ಲ. ಅರ್ಜಿಯಲ್ಲಿ ಬರೆದಿದ್ದೆ, ಆದರೆ ಅದು ಅವರ ಕಾಫಿ ಲೋಟದ ಕೆಳಗಿತ್ತು.

“ಈ ಮುಖ ಇಟ್ಕೊಂಡು ಹೇಗಮ್ಮಾ ಕೆಲಸ ಮಾಡ್ತೀರಾ? ಪಾರ್ಟಿಗಳು ಹೆದರ್ಕೋತಾರೆ.”

“ಫೋನಲ್ಲಿ ಮುಖ ಕಾಣ್ಸತ್ತಾ ಸಾರ್?”

ಈ ಸಲ ಅಕೌಂಟೆಂಟ್ ಬಂದ ನಗುವನ್ನು ಕೆಮ್ಮಿ ಮುಚ್ಚಿಕೊಂಡರು. ಮ್ಯಾನೇಜರ್ ಮುಖ ಗಂಟಿಕ್ಕಿ, “ವಾಸಿಯಾದ್ಮೇಲೆ ನೋಡೋಣ, ಹೋಗಿ” ಎಂದು ಬೆಲ್ ಒತ್ತಿದರು. ಲೋಟ ಪಕ್ಕಕ್ಕಿಟ್ಟು, ಅರ್ಜಿಯೊಂದನ್ನು ಬಿಟ್ಟು ನನ್ನ ಸರ್ಟಿಫಿಕೇಟುಗಳನ್ನು ಎತ್ತಿಕೊಂಡೆ. ಸಿಟ್ಟಿನಲ್ಲಿ ಬಸ್ ಸ್ಟಾಪ್‌ವರೆಗೂ ದಾಪುಗಾಲು ಹಾಕಿದೆ.

ಎರಡು ತಿಂಗಳ ಮೇಲೆ ಅಲ್ಲಿಂದಲೇ ಪತ್ರ. ಆಯ್ಕೆಯಾದ ಹುಡುಗಿ ಬಿಟ್ಟು ಹೋಗಿದ್ದಾಳೆ, ಗಾಯ ಮಾಸಿದ್ದರೆ ತಕ್ಷಣ ಬನ್ನಿ ಎಂದಿತ್ತು. “ಹೋಗೇ, ರೋಷ ಇಟ್ಕೊಂಡು ಕೂತ್ರೆ ಮನೆ ನಡೆಯತ್ತಾ?” ಎಂದಳು ಅಮ್ಮ. ನಾನು ಒಂದು ಕಾರ್ಡ್ ಬರೆದು ಹಾಕಿದೆ: “ಗಾಯ ಮಾಸಿದೆ. ನಾನು ಬರುವುದಿಲ್ಲ.”

ಬೇರೆ ಕೆಲಸ ಸಿಗಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಆ ದಿನಗಳು ಬಹಳ ಕಷ್ಟದವು. ಆದರೂ ಆ ಎರಡು ಸಾಲು ಬರೆದದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಡಲಿಲ್ಲ.