ಏಳಲೊಲ್ಲದ ಯಂತ್ರ

ಬೆಳಗ್ಗೆ ಎಚ್ಚರವಾದಮೇಲೂ ನಾನು ಸ್ವಲ್ಪ ಹೊತ್ತು ಹಾಸಿಗೆಯಲ್ಲೇ ಸುಮ್ಮನೆ ಕೂತಿರುತ್ತೇನೆ. ನನ್ನ ಹೆಂಡತಿ ಇದನ್ನು ಸೋಮಾರಿತನ ಅನ್ನುತ್ತಾಳೆ. ನಾನು ಎದುರಾಡುವುದಿಲ್ಲ. ಎಚ್ಚರವಾಗುವುದು ಬೇರೆ, ಏಳುವುದು ಬೇರೆ ಅನ್ನುವುದನ್ನು ನಾನು ಕಲಿತದ್ದು ಮೊದಲು ಒಂದು ಕಂಪ್ಯೂಟರಿನಿಂದ, ಆಮೇಲೆ ನನ್ನ ಅಣ್ಣನಿಂದ. ಎರಡು ಪಾಠವೂ ಹೆಚ್ಚುಕಮ್ಮಿ ಒಟ್ಟಿಗೇ ಆದವು.

ಎಂಬತ್ತರ ದಶಕದ ಕೊನೆಯ ಮಾತು. ಕೋಲಾರದ ನಮ್ಮ ಕಚೇರಿಗೆ ಕಂಪ್ಯೂಟರು ಬಂದಿತ್ತು. ಬೀರುವಿನಷ್ಟು ದೊಡ್ಡದಾದ ಒಂದು ಯಂತ್ರ, ಅದರಿಂದ ತಂತಿ ಎಳೆದು ಬೇರೆ ಬೇರೆ ಮೇಜಿನ ಮೇಲೆ ಕೂರಿಸಿದ ಪರದೆಗಳು. ದೊಡ್ಡದು ಎದ್ದರೆ ಎಲ್ಲರಿಗೂ ಕೆಲಸ, ಅದು ಮಲಗಿದರೆ ಎಲ್ಲರಿಗೂ ಕಾಫಿ. ಬೆಂಗಳೂರಿನಲ್ಲಿ ತರಬೇತಿ ಪಡೆದು ಬಂದ ತಪ್ಪಿಗೆ ಅದನ್ನು ಎಬ್ಬಿಸುವ ಹೊಣೆ ನನ್ನ ತಲೆಗೆ ಬಿದ್ದಿತ್ತು. ಗುಂಡಿ ಒತ್ತಿ, ಹಸಿರು ಅಕ್ಷರಗಳು ಮೂಡುವವರೆಗೆ ಕೈಕಟ್ಟಿ ನಿಲ್ಲುವುದೇ ನನ್ನ ವಿದ್ಯೆ. ನೋಡಿದವರು ನಾನೇನೋ ಜಪ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು. ಅಲ್ಲ ಅನ್ನಲು ನನಗೂ ಮನಸ್ಸಿರಲಿಲ್ಲ.

ಆ ಯಂತ್ರದ ಕೋಣೆಗೂ ನಮ್ಮೂರಿನ ಹುಳುಮನೆಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ನಮ್ಮದು ತಾಯಲೂರಿನ ಕಡೆಯ ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಹುಳುಮನೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗುವಂತಿಲ್ಲ, ಧೂಳು ಆಗದು, ಸೆಖೆ ಆಗದು, ಹೊರಗಿನವರು ಇಣುಕುವಂತಿಲ್ಲ, ಸೂತಕದವರಂತೂ ಹೊಸ್ತಿಲು ದಾಟುವಂತೆಯೇ ಇಲ್ಲ. ಕಂಪ್ಯೂಟರು ಕೂರಿಸಿದವರು ಕೊನೆಯದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಹೇಳಿ ಹೋಗಿದ್ದರು. ಕೊನೆಯದನ್ನು ನಮ್ಮ ಹೆಡ್ ಕ್ಲರ್ಕ್ ನಾರಾಯಣಪ್ಪನವರು ಸೇರಿಸಿದರು.

ಆ ವರ್ಷ ನಮ್ಮ ಅತ್ತಿಗೆ ತೀರಿಕೊಂಡರು. ಜ್ವರ ಅಂತ ಮಲಗಿದವರು ಏಳಲಿಲ್ಲ. ನನ್ನನ್ನು ಮಗನಂತೆ ನೋಡಿಕೊಂಡ ಜೀವ. ಹೆಚ್ಚು ರಜೆ ಸಿಗದೆ, ಸೂತಕ ಕಳೆಯುವ ಮೊದಲೇ ನಾನು ಕಚೇರಿಗೆ ಮರಳಿ, ಆವರೆಗೆ ಮಲಗಿದ್ದ ಯಂತ್ರದ ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು, ಒಂದಷ್ಟು ಹಸಿರು ಸಾಲು ಬಂದು ಅಲ್ಲಿಗೇ ನಿಂತಿತು. ಆರಿಸಿ ಮತ್ತೆ ಹಾಕಿದೆ, ಅಲ್ಲೇ ನಿಂತಿತು. ತಂತಿ ಕಿತ್ತು ಸಿಕ್ಕಿಸಿದೆ, ಪ್ಲಗ್ಗು ಅಲ್ಲಾಡಿಸಿದೆ, ಬೆನ್ನು ತಟ್ಟಿಯೂ ನೋಡಿದೆ.

ನಾರಾಯಣಪ್ಪನವರು ಬಾಗಿಲಲ್ಲಿ ನಿಂತು ನೋಡಿದರು. "ಅಲ್ಲಪ್ಪಾ, ಸೂತಕ ಇಟ್ಕೊಂಡು ಒಳಗೆ ಬಂದ್ಯೇನಪ್ಪಾ? ಇನ್ನೆಲ್ಲಿ ಏಳ್ತದೆ ಅದು?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹುಳುಮನೆಯ ಪಕ್ಕ ಬೆಳೆದವನು ನಾನು. ಇದ್ದರೂ ಇರಬಹುದು ಅನ್ನಿಸಿಬಿಟ್ಟಿತು. ವರಾಂಡಕ್ಕೆ ಬಂದು ನಿಂತೆ. ಅಲ್ಲಿಂದಾಚೆಗೆ ನಾನು ಹೊಸ್ತಿಲ ಹೊರಗಿನಿಂದ ಹೇಳುವುದು, ಅವರು ಮಡಿಯಲ್ಲಿದ್ದವರಂತೆ ಬೆರಳ ತುದಿಯಲ್ಲಿ ಒತ್ತುವುದು ನಡೆಯಿತು. ನಿಂಬೆಹಣ್ಣು ನಿವಾಳಿಸಿದ್ದೂ ಆಯಿತು. ಸೂತಕ ಕಳೆಯಿತು, ಯಂತ್ರ ಏಳಲಿಲ್ಲ.

ಕೊನೆಗೆ ಬೆಂಗಳೂರಿನಿಂದ ಇಂಜಿನಿಯರು ಬಂದರು. ಮುಟ್ಟುವ ಮೊದಲೇ, "ಇದಕ್ಕೆ ಜೋಡಿಸಿದ್ದನ್ನ ಏನಾದ್ರೂ ತೆಗೆದಿದೀರಾ?" ಎಂದು ಕೇಳಿದರು. ಪಕ್ಕದ ಕೋಣೆಯಲ್ಲಿದ್ದ ಪ್ರಿಂಟರನ್ನು, ನಾನು ಊರಲ್ಲಿದ್ದಾಗ, ರಿಪೇರಿಗೆ ಕಳಿಸಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ.

"ಇದು ಕೆಟ್ಟಿಲ್ಲ," ಎಂದರು ಇಂಜಿನಿಯರು. "ಎದ್ದ ತಕ್ಷಣ ತನ್ನವರನ್ನೆಲ್ಲ ಒಬ್ಬೊಬ್ಬರಾಗಿ ಕೂಗುತ್ತೆ. ಪ್ರಿಂಟರ್ ಓ ಅನ್ನಲಿ ಅಂತ ಕಾಯ್ತಾ ಕೂತಿದೆ."

"ಸ್ವಲ್ಪ ಕಾದು, ಬರದಿದ್ರೆ ಮುಂದಕ್ಕೆ ಹೋಗಬಾರ್ದಾ?" ಎಂದರು ನಾರಾಯಣಪ್ಪನವರು.

"ಅಷ್ಟು ಬುದ್ಧಿ ಇದಕ್ಕಿಲ್ಲ ಸಾರ್."

ಇಂಜಿನಿಯರು ತಾವು ತಂದ ಫ್ಲಾಪಿ ಹಾಕಿ, ಯಂತ್ರದ ನೆನಪಿನಿಂದ ಪ್ರಿಂಟರಿನ ಹೆಸರನ್ನೇ ತೆಗೆದುಹಾಕಿದರು. ಅದು ಏನೂ ಆಗದ ಹಾಗೆ ಎದ್ದಿತು.

ಆ ವಾರ ಊರಿಗೆ ಹೋದೆ. ಬೆಳಗ್ಗೆ ಅಣ್ಣ ಎದ್ದು ಕೂತು ಕೂಗಿದ. "ಲಕ್ಷ್ಮೀ, ಸೊಪ್ಪಿಗೆ ಹೋಗಾಣ ಬಾ." ಅತ್ತಿಗೆ ರಾಯಲ್ಪಾಡಿನ ಕಡೆಯವರು, ಮನೆಮಾತು ತೆಲುಗು. ಅಣ್ಣ ಕನ್ನಡದಲ್ಲಿ ಕೂಗುವುದು, ಅವರು ಹಿತ್ತಿಲಿಂದ "ವಸ್ತಾ", ಅಂದರೆ ಬಂದೆ, ಅನ್ನುವುದು, ಇಬ್ಬರೂ ಬುಟ್ಟಿ ಹಿಡಿದು ಹಿಪ್ಪುನೇರಳೆ ತೋಟಕ್ಕೆ ಹೊರಡುವುದು. ಆ ಮನೆಗೆ ಬೆಳಗಾಗುತ್ತಿದ್ದುದೇ ಹಾಗೆ. ಈಗ ಉತ್ತರ ಬರಲಿಲ್ಲ. ಅಣ್ಣ ಬಾಗಿಲ ಕಡೆ ನೋಡುತ್ತ ಹಾಗೇ ಕೂತ.

"ದಿನಾ ಹಿಂಗೇ ಚಿಕ್ಕಪ್ಪಾ," ಎಂದಳು ಅಣ್ಣನ ಮಗಳು ಸರೋಜ. "ಕೂಗ್ತಾನೆ, ಹಂಗೇ ಕೂತ್ಬಿಡ್ತಾನೆ. ಊಟಾನೂ ಬೇಡ ಅಂತಾನೆ." ಸೂತಕದಲ್ಲಿ ಹುಳುಗಳಿಗೆ ಪಕ್ಕದ ಮನೆಯವರು ಸೊಪ್ಪು ಹಾಕಿದ್ದರು. ಈಗ ಅವು ಬುಟ್ಟಿಗಟ್ಟಲೆ ತಿನ್ನುವ ಹೊತ್ತು, ಅವಳೊಬ್ಬಳ ಕೈಲಿ ಆಗುತ್ತಿರಲಿಲ್ಲ. ನನಗೆ ಹುಳುಗಳಿಗಿಂತ ಅಣ್ಣನ ಚಿಂತೆ ಹೆಚ್ಚಾಯಿತು. ಹೀಗೇ ಕೂತರೆ ಇವನೂ ಉಳಿಯುವುದಿಲ್ಲ ಅನ್ನಿಸಿತು.

ನಾನು ಇಂಜಿನಿಯರಾದೆ. ಅತ್ತಿಗೆಯ ಬುಟ್ಟಿ, ಹಗ್ಗದ ಮೇಲಿದ್ದ ಸೀರೆ, ಎಲ್ಲವನ್ನೂ ಅಟ್ಟಕ್ಕೆ ಸೇರಿಸಿದೆ. ಅಣ್ಣ ಕೂತಲ್ಲಿಂದಲೇ ಕೇಳಿದ.

"ಅವಳಿಲ್ಲ ಅಂತ ನಂಗೊತ್ತಿಲ್ವೇನೋ? ಆ ಬುಟ್ಟಿ ಏನೋ ಮಾಡಿತ್ತು ನಿಂಗೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಹೇಳಿದ. ಎಲ್ಲವನ್ನೂ ಇಳಿಸಿ ಇದ್ದಲ್ಲೇ ಇಟ್ಟೆ.

ಮರುದಿನ ಬೆಳಗ್ಗೆ ಮತ್ತೆ ಕೂಗಿದ. ತಡೆಯಲಾರದೆ ನಾನೇ ಹಿತ್ತಿಲಿಂದ "ವಸ್ತಾ" ಅಂದುಬಿಟ್ಟೆ. ನನ್ನ ಗೊಗ್ಗರು ದನಿಯಲ್ಲಿ ಅದು ತೀರ ಕೆಟ್ಟದಾಗಿ ಕೇಳಿಸಿತು. ಒಳಗೆ ಬಂದರೆ ಅಣ್ಣ ಅಳುತ್ತಿದ್ದ. ಮಣ್ಣು ಮಾಡುವಾಗಲೂ ಅಳದವನು. ನನಗೂ ದುಃಖ ಒತ್ತರಿಸಿ ಬಂತು, ಇಬ್ಬರೂ ಅತ್ತೆವು. ಆಮೇಲೆ ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನಡಿಯೋ, ಹುಳ ಹಸ್ಕೊಂಡಿರ್ತಾವೆ," ಎಂದು ಎದ್ದ. ಅತ್ತಿಗೆಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟ.

ಪ್ರಿಂಟರು ರಿಪೇರಿಯಾಗಿ ಬಂದಾಗ ಯಂತ್ರಕ್ಕೆ ಅದರ ಗುರುತೇ ಸಿಗಲಿಲ್ಲ. ಇಂಜಿನಿಯರು ಮತ್ತೆ ಬಂದು ಹೆಸರು ಹೇಳಿಕೊಡಬೇಕಾಯಿತು. "ಇಷ್ಟು ಬೇಗ ಮರ್ತ್‌ಬಿಡ್ತಲ್ಲಪ್ಪಾ!" ಎಂದು ನಾರಾಯಣಪ್ಪನವರು ನಿಜವಾಗಿಯೂ ನೊಂದುಕೊಂಡರು. ನಾನು ಅಟ್ಟದಿಂದ ಇಳಿಸಿದ ಬುಟ್ಟಿಯನ್ನು ನೆನೆದು ಸಮಾಧಾನಪಟ್ಟೆ.

ಪ್ರತಿದಿನ ಊರಲ್ಲಿದ್ದು ಓಗೊಡಲು ನನ್ನಿಂದ ಆಗುತ್ತಿರಲಿಲ್ಲ. ಮುಂದಿನ ಸಲ ಹೋದಾಗ, ಅಪ್ಪ ಈಗಲೂ ಕೂಗುತ್ತಾನಾ ಎಂದು ಸರೋಜಳನ್ನು ಕೇಳಿದೆ.

"ಕೂಗ್ತಾನೆ ಚಿಕ್ಕಪ್ಪಾ. ಸ್ವಲ್ಪ ಹೊತ್ತು ಕಾಯ್ತಾನೆ. ಆಮೇಲೆ ತಾನೇ ಬುಟ್ಟಿ ಎತ್ಕೊಂಡು ಹೋಗ್ತಾನೆ."

ಈಗ ಅಣ್ಣನೂ ಇಲ್ಲ. ಬೆಳಗ್ಗೆ ಹಾಸಿಗೆಯಲ್ಲಿ ಕೂತು ನಾನು ಕಾಯುವುದು ಆ ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಏಳುತ್ತೇನೆ.